ಗಿಟಾರಿನ ಧ್ವನಿಗೆ ಬಲ ನೀಡುವ ವಾಲ್ವುಗಳು

ವಿದ್ಯುತ್ ಗಿಟಾರಿನ ತಂತಿಯನ್ನು ಮೀಟಿದಾಗ ಅದರ ಕೆಳಗಿರುವ ಅಯಸ್ಕಾಂತದ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಅತ್ಯಲ್ಪವಾದುದು. ಅದರ ವೋಲ್ಟೇಜು ಸಾಮಾನ್ಯವಾಗಿ ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಹತ್ತು ಲಕ್ಷ ಓಂ ರೋಧವುಳ್ಳ ವರ್ಧಕಕ್ಕೆ ಇಷ್ಟು ವೋಲ್ಟೇಜು ಬಂದು ಸೇರಿದರೆ, ಅದು ತಂದುಕೊಡುವ ಸಾಮರ್ಥ್ಯವು ಒಂದು ವ್ಯಾಟಿನ ಹತ್ತು ಕೋಟಿಯಲ್ಲೊಂದು ಭಾಗ ಮಾತ್ರ. ಆದರೆ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಆ ಸ್ವರ ಕೇಳಿಸಬೇಕಾದರೆ ಸ್ಪೀಕರಿಗೆ 40 ವ್ಯಾಟುಗಳಷ್ಟು ಸಾಮರ್ಥ್ಯ ಬೇಕಾದೀತು. ಎಂದರೆ ಮೂಲ ಸಾಮರ್ಥ್ಯವನ್ನು 400 ಕೋಟಿ ಪಟ್ಟು ಹೆಚ್ಚಿಸಬೇಕು! ಈ ಕೆಲಸದ ಕೊನೆಯ ಹಾಗೂ ಅತ್ಯಂತ ಭಾರವಾದ ಹಂತವನ್ನು ಹೊರುವುವೇ ಶಕ್ತಿವಾಲ್ವುಗಳು.

1947 ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ ರೇಡಿಯೋ, ಗಣಕಯಂತ್ರ, ದೂರದರ್ಶನ ಮೊದಲಾದುವುಗಳಿಂದ ವಾಲ್ವುಗಳು ಒಂದೊಂದಾಗಿ ನಿರ್ಗಮಿಸಿದುವು. ಗಿಟಾರಿನ ವರ್ಧಕದಲ್ಲಿ ಮಾತ್ರ ಅವು ಇಂದಿಗೂ ಉಳಿದಿವೆ. ಅವು ಬಲ್ಬುಗಳಂತೆ ಬಳಕೆಯಿಂದ ಸವೆಯುವ ವಸ್ತುಗಳಾದುದರಿಂದ ಆಗಾಗ ಬದಲಿಸಬೇಕಾಗುತ್ತದೆ. ಹಳೆಯದನ್ನು ಕಿತ್ತು, ಅದೇ ಹೆಸರಿನ ಹೊಸ ವಾಲ್ವನ್ನು ಸಿಕ್ಕಿಸಿದರೆ ಸಾಕೆಂದು ಅನೇಕರು ಭಾವಿಸುವರು. ಕೆಲವು ವೇಳೆ ಅಷ್ಟೇ ಸಾಕಾಗುವುದು. ಆದರೆ ಮತ್ತೆ ಕೆಲವು ವೇಳೆ ಹೊಸ ವಾಲ್ವಿನೊಳಗಿನ ಲೋಹದ ತಗಡು ಕೆಲವೇ ನಿಮಿಷಗಳಲ್ಲಿ ಕೆಂಡದಂತೆ ಕೆಂಪಾಗಿ, ಬೆಲೆಬಾಳುವ ವಾಲ್ವು ಹಾಳಾಗುವುದುಂಟು. ಇನ್ನು ಕೆಲವೆಡೆ ಯಾವುದೂ ಕೆಂಪಾಗದಿದ್ದರೂ ಮೆಲುದನಿಯಲ್ಲಿ ನುಡಿಸಿದ ಸ್ವರಗಳು ಒಣಗಿ ಸೀಳಿದಂತೆ ಕೇಳಿಸುವುವು. ಹೆಸರು ಒಂದೇ, ಯಂತ್ರ ಒಂದೇ, ಆದರೂ ಫಲ ಬೇರೆ! ಇದಕ್ಕೆ ಕಾರಣವಾದರೂ ಏನು?

ಕಾರಣವನ್ನು ತಿಳಿಯಬೇಕಾದರೆ ಮೊದಲು ವಾಲ್ವಿನ ಒಳಗೆ ನಡೆಯುವ ವ್ಯಾಪಾರವನ್ನು ಸ್ವಲ್ಪ ನೋಡಬೇಕು.

ಗಾಜಿನೊಳಗಿನ ತೂಬು

ಗಾಳಿಯನ್ನು ತೆಗೆದುಹಾಕಿದ ಗಾಜಿನ ಬುರುಡೆಯೊಳಗೆ ಕಾದ ತಂತಿಯಿಂದ ಪಕ್ಕದ ಲೋಹದ ತಗಡಿಗೆ ವಿದ್ಯುತ್ತು ಹರಿಯುವುದನ್ನು ಥಾಮಸ್ ಎಡಿಸನ್ 1880 ರ ದಶಕದಲ್ಲಿಯೇ ಗಮನಿಸಿದ್ದನು. 1904 ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಈ ವಿದ್ಯಮಾನವನ್ನು ಉಪಯೋಗಿಸಿಕೊಂಡು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಗೊಡುವ ಸಾಧನವನ್ನು ರಚಿಸಿದನು. ಒಂದೇ ಕಡೆಗೆ ತೆರೆಯುವ ಕವಾಟವನ್ನು ಹೋಲುವುದರಿಂದ ಅದಕ್ಕೆ ವಾಲ್ವು ಎಂಬ ಹೆಸರು ಬಂದಿತು. ಎರಡು ವರ್ಷಗಳ ಅನಂತರ, 1906 ರಲ್ಲಿ, ಅಮೆರಿಕದ ಲೀ ಡಿ ಫಾರೆಸ್ಟ್ ತಂತಿಗೂ ತಗಡಿಗೂ ನಡುವೆ ಮೂರನೆಯದೊಂದು ಅಂಗವನ್ನು ಸೇರಿಸಿದನು. ಅದೇ ಜಾಲರಿ, ಎಂದರೆ ಗ್ರಿಡ್. ಧ್ವನಿವರ್ಧನೆಯ ಯುಗಕ್ಕೆ ದಾರಿ ತೆರೆದುದು ಈ ಪುಟ್ಟ ಜಾಲರಿಯೇ.

ವಾಲ್ವಿನ ನಡುವೆ ಇರುವ ಕ್ಯಾಥೋಡು ಕಾದಾಗ ಅದರ ಮೈಯಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಅವು ಋಣ ವಿದ್ಯುತ್ ಕಣಗಳು. ಹೊರಗಡೆ ಸುತ್ತುವರಿದಿರುವ ಆನೋಡಿಗೆ, ಎಂದರೆ ಪ್ಲೇಟಿಗೆ, 400 ಅಥವಾ 450 ವೋಲ್ಟುಗಳಷ್ಟು ಧನ ವೋಲ್ಟೇಜು ಕೊಟ್ಟಿರುವುದರಿಂದ ಅವು ಅದರ ಕಡೆಗೆ ಧಾವಿಸುತ್ತವೆ. ಇವೆರಡರ ನಡುವೆ ನಿಂತ ಜಾಲರಿಗೆ ಋಣ ವೋಲ್ಟೇಜು ಕೊಟ್ಟರೆ ಅದು ಎಲೆಕ್ಟ್ರಾನುಗಳನ್ನು ಹಿಂದಕ್ಕೆ ತಳ್ಳುತ್ತದೆ. ಋಣತ್ವ ಹೆಚ್ಚಿದಷ್ಟೂ ಪ್ರವಾಹ ಕಡಿಮೆಯಾಗುವುದು. ಋಣತ್ವ ಕಡಿಮೆಯಾದಷ್ಟೂ ಪ್ರವಾಹ ಹೆಚ್ಚುವುದು. ಕೆರೆಯ ತೂಬಿನ ಕದವನ್ನು ಒಂದು ಅಂಗುಲ ಎತ್ತುವುದಕ್ಕೆ ಬೇಕಾಗುವ ಶ್ರಮ ಅಲ್ಪ, ಆದರೆ ಅದರಿಂದ ಹೊರಡುವ ನೀರು ಅಪಾರ. ಕೆರೆಯ ನೀರಿನ ಒತ್ತಡವೆಂದರೆ ಆನೋಡಿನ ವೋಲ್ಟೇಜು. ತೂಬಿನ ಕದವೆಂದರೆ ಜಾಲರಿ. ಕದವನ್ನು ಮೇಲೆ ಕೆಳಗೆ ಆಡಿಸುವ ಕೈ ಎಂದರೆ ಗಿಟಾರಿನಿಂದ ಬಂದ ಸಂಕೇತ.

ಹೆಚ್ಚು ಸಾಮರ್ಥ್ಯವನ್ನು ಪಡೆಯಲು ಒಂದು ಜಾಲರಿ ಸಾಲದಾಯಿತು. ಆನೋಡಿಗೂ ಜಾಲರಿಗೂ ನಡುವೆ ಧನ ವೋಲ್ಟೇಜುಳ್ಳ ಪರದೆ ಜಾಲರಿಯನ್ನಿಟ್ಟು ಎಲೆಕ್ಟ್ರಾನುಗಳ ವೇಗವನ್ನು ಹೆಚ್ಚಿಸಿದರು. ಆದರೆ ವೇಗವಾಗಿ ಬಂದ ಎಲೆಕ್ಟ್ರಾನುಗಳು ಆನೋಡಿಗೆ ಬಡಿದು ಅಲ್ಲಿಂದ ಬೇರೆ ಎಲೆಕ್ಟ್ರಾನುಗಳನ್ನು ಸಿಡಿಸತೊಡಗಿದುವು. ಅವು ಹಿಂದಕ್ಕೆ ಹಾರಿ ಪರದೆ ಜಾಲರಿಯನ್ನು ಸೇರಿ ಕೆಲಸವನ್ನು ಕೆಡಿಸಿದುವು. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಬರ್ನಾರ್ಡ್ ಟೆಲ್ಲೆಗನ್ 1926 ರಲ್ಲಿ ಮೂರನೆಯ ಜಾಲರಿಯನ್ನು ಸೇರಿಸಿ ಈ ತೊಂದರೆಯನ್ನು ನಿವಾರಿಸಿದನು. ಅದೇ ಐದು ಅಂಗಗಳ ವಾಲ್ವು, ಪೆಂಟೋಡು. ಮೂರನೆಯ ಜಾಲರಿಗೆ ಬದಲಾಗಿ ಲೋಹದ ಎರಡು ಫಲಕಗಳನ್ನಿಟ್ಟು, ಎಲೆಕ್ಟ್ರಾನುಗಳನ್ನು ದಟ್ಟವಾದ ಪುಂಜಗಳಾಗಿ ಕೂಡಿಸುವ ಇನ್ನೊಂದು ಉಪಾಯವೂ ಬಂದಿತು. ಈ ಬಗೆಯ ಪುಂಜವಾಲ್ವುಗಳಲ್ಲಿ ಪ್ರಸಿದ್ಧವಾದ 6ಎಲ್6 ಅನ್ನು ಅಮೆರಿಕದ ಆರ್‌ಸಿಎ ಸಂಸ್ಥೆ 1936 ರಲ್ಲಿ ಹೊರತಂದಿತು. ಇಂದಿನ ಗಿಟಾರ್ ವರ್ಧಕಗಳಲ್ಲಿ ಕಾಣುವ ಶಕ್ತಿವಾಲ್ವುಗಳೆಲ್ಲ ಬಹುಮಟ್ಟಿಗೆ ಈ ಎರಡು ವಂಶಗಳಿಗೆ ಸೇರಿದುವು.

ಬಯಾಸ್ ಎಂದರೇನು?

ಗಿಟಾರಿನ ಸಂಕೇತವು ಒಂದು ಕ್ಷಣ ಧನವಾಗಿ, ಮರುಕ್ಷಣ ಋಣವಾಗಿ ತೂಗಾಡುತ್ತಿರುತ್ತದೆ. ತೂಬಿನ ಕದವು ಪೂರ್ತಿ ಮುಚ್ಚಿದ್ದರೆ ಕೈಯ ಕೆಳಮುಖ ಚಲನೆಗೆ ಅರ್ಥವಿಲ್ಲ. ಪೂರ್ತಿ ತೆರೆದಿದ್ದರೆ ಮೇಲ್ಮುಖ ಚಲನೆಗೆ ಅರ್ಥವಿಲ್ಲ. ಎರಡೂ ಕಡೆಗೆ ಆಡಲು ಅವಕಾಶವಿರಬೇಕಾದರೆ ಸಂಕೇತ ಬರುವ ಮೊದಲೇ ಕದವನ್ನು ಒಂದು ತಕ್ಕ ಎತ್ತರದಲ್ಲಿ ನಿಲ್ಲಿಸಿರಬೇಕು. ಅದರಂತೆ, ಸಂಕೇತವಿಲ್ಲದ ವೇಳೆಯಲ್ಲಿ ಜಾಲರಿಗೆ ಕ್ಯಾಥೋಡಿಗಿಂತ ಇಂತಿಷ್ಟು ವೋಲ್ಟು ಋಣವಾಗಿರುವಂತೆ ಗೊತ್ತುಪಡಿಸಿದ ಸ್ಥಿರ ವೋಲ್ಟೇಜಿಗೆ ಬಯಾಸ್ ಎಂದು ಹೆಸರು. ಆ ಸ್ಥಿತಿಯಲ್ಲಿ ವಾಲ್ವಿನೊಳಗೆ ಹರಿಯುತ್ತಿರುವ ಪ್ರವಾಹವನ್ನು ವಿಶ್ರಾಂತಿ ಪ್ರವಾಹವೆಂದು ಕರೆಯೋಣ.

ಇಲ್ಲಿ ಒಂದು ಸೂಕ್ಷ್ಮವನ್ನು ಮನಸ್ಸಿನಲ್ಲಿಡಬೇಕು. ಬಯಾಸ್ ಎಂಬುದು ಉಪಾಯ ಮಾತ್ರ; ನಮಗೆ ನಿಜವಾಗಿ ಬೇಕಾದುದು ತಕ್ಕಷ್ಟು ವಿಶ್ರಾಂತಿ ಪ್ರವಾಹ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ವಾಲ್ವುಗಳಿಗೆ ಒಂದೇ ಬಯಾಸ್ ಕೊಟ್ಟರೂ ಅವುಗಳ ಪ್ರವಾಹ ಒಂದೇ ಆಗಿರುವುದಿಲ್ಲ. ಕೂದಲೆಳೆಯಂತಹ ತಂತಿಯಿಂದ ಸುತ್ತಿದ ಜಾಲರಿಯು ಕ್ಯಾಥೋಡಿಗೆ ಸ್ವಲ್ಪ ಹತ್ತಿರವಾದರೂ, ಸ್ವಲ್ಪ ದೂರವಾದರೂ, ತಂತಿಯ ಸುತ್ತುಗಳು ಸ್ವಲ್ಪ ಒತ್ತಾದರೂ ಪ್ರವಾಹ ಬದಲಾಗುತ್ತದೆ. ಜಾಲರಿಯಲ್ಲಿ ಒಂದು ವೋಲ್ಟು ವ್ಯತ್ಯಾಸವಾದರೆ ಪ್ರವಾಹದಲ್ಲಿ ಹಲವು ಮಿಲಿಆಂಪಿಯರುಗಳ ವ್ಯತ್ಯಾಸವಾಗುವುದರಿಂದ ಈ ಅಲ್ಪ ಭೇದಗಳೂ ಅಲ್ಪವಾಗಿ ಉಳಿಯುವುದಿಲ್ಲ. ಮೇಲೆ ಕೇಳಿದ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಇದು. ವಾಲ್ವಿನ ಮೇಲೆ ಅಚ್ಚಾಗಿರುವ ಹೆಸರು ಅದರ ಜಾತಿಯನ್ನು ಹೇಳೀತೇ ಹೊರತು ಅದರ ಸ್ವಭಾವವನ್ನು ಹೇಳದು.

ಎರಡು ಕೈಯ ಗರಗಸ

ಚಿಕ್ಕ ವರ್ಧಕಗಳಲ್ಲಿ ಒಂದೇ ಶಕ್ತಿವಾಲ್ವು ಇರುವುದುಂಟು. ಅದು ಸಂಕೇತದ ಎರಡು ಅರ್ಧಗಳನ್ನೂ ತಾನೇ ಹೊರಬೇಕಾದುದರಿಂದ ಎಲ್ಲ ವೇಳೆಯಲ್ಲಿಯೂ ಅದರಲ್ಲಿ ದೊಡ್ಡ ಪ್ರವಾಹ ಹರಿಯುತ್ತಿರಬೇಕು. ಇದಕ್ಕೆ ಎ ವರ್ಗದ ಕಾರ್ಯವಿಧಾನವೆಂದು ಹೆಸರು. ಇದು ಸರಳವಾದುದು, ಆದರೆ ಶಕ್ತಿಯ ದೃಷ್ಟಿಯಿಂದ ದುಂದುಗಾರ.

ದೊಡ್ಡ ವರ್ಧಕಗಳಲ್ಲಿ ಎರಡು ಅಥವಾ ನಾಲ್ಕು ವಾಲ್ವುಗಳು ಜೋಡಿಯಾಗಿ ದುಡಿಯುತ್ತವೆ. ಮರದ ದಿಮ್ಮಿಯನ್ನು ಇಬ್ಬರು ಕೂಡಿ ಉದ್ದನೆಯ ಗರಗಸದಿಂದ ಕೊಯ್ಯುವುದನ್ನು ನೀವು ನೋಡಿರಬಹುದು. ಒಬ್ಬನು ಎಳೆಯುವಾಗ ಇನ್ನೊಬ್ಬನು ಸಡಿಲಬಿಡುವನು. ಅನಂತರ ಇವನು ಎಳೆಯುವನು, ಅವನು ಸಡಿಲಬಿಡುವನು. ಅದೇ ರೀತಿ ಸಂಕೇತದ ಒಂದು ಅರ್ಧವನ್ನು ಒಂದು ವಾಲ್ವು, ಇನ್ನೊಂದು ಅರ್ಧವನ್ನು ಇನ್ನೊಂದು ವಾಲ್ವು ಮುಖ್ಯವಾಗಿ ಹೊರುತ್ತದೆ. ಎರಡರ ದುಡಿಮೆಯನ್ನೂ ಹೊರದಾರಿಯ ಟ್ರಾನ್ಸ್‌ಫಾರ್ಮರು ಕೂಡಿಸಿ ಸ್ಪೀಕರಿಗೆ ಒಪ್ಪಿಸುತ್ತದೆ.

ಗರಗಸ ಕೊಯ್ಯುವವರಲ್ಲಿ ಒಬ್ಬನು ನಿಲ್ಲಿಸಿದ ಮೇಲೆ ಇನ್ನೊಬ್ಬನು ಎಳೆಯಲು ತಡ ಮಾಡಿದರೆ ನಡುವೆ ಗರಗಸ ಒಂದು ಕ್ಷಣ ಸುಮ್ಮನೆ ನಿಲ್ಲುವುದು. ವಾಲ್ವುಗಳಲ್ಲಿಯೂ ಹೀಗೆಯೇ. ಬಯಾಸ್ ಅತಿಯಾಗಿ ಋಣವಾಗಿದ್ದರೆ ಒಂದು ವಾಲ್ವು ಪ್ರವಾಹವನ್ನು ನಿಲ್ಲಿಸಿದ ಮೇಲೂ ಇನ್ನೊಂದು ಸರಿಯಾಗಿ ಆರಂಭಿಸಿರುವುದಿಲ್ಲ. ಆಗ ಅಲೆಯು ಶೂನ್ಯವನ್ನು ದಾಟುವ ಎಡೆಯಲ್ಲಿ ಒಂದು ಮುರುಕು ಬೀಳುತ್ತದೆ. ದೊಡ್ಡ ದನಿಯಲ್ಲಿ ಇದು ಅಷ್ಟಾಗಿ ತಿಳಿಯದಿದ್ದರೂ, ಸ್ವರವು ಮೆಲ್ಲನೆ ಅಡಗುತ್ತ ಬರುವಾಗ ಒರಟಾಗಿ ಕೇಳಿಸುವುದು. ಇದನ್ನು ತಪ್ಪಿಸಲು ಎರಡು ವಾಲ್ವುಗಳಲ್ಲಿಯೂ ವಿಶ್ರಾಂತಿ ವೇಳೆಯಲ್ಲಿ ಸ್ವಲ್ಪ ಪ್ರವಾಹ ಹರಿಯುತ್ತಿರುವಂತೆ ಬಯಾಸ್ ಗೊತ್ತುಮಾಡುವರು. ಇದೇ ಎಬಿ ವರ್ಗ. ಆ 'ಸ್ವಲ್ಪ' ಎಷ್ಟೆಂಬುದೇ ಇಡೀ ವಿಷಯದ ತಿರುಳು.

ಶಾಖದ ಲೆಕ್ಕ

450 ವೋಲ್ಟುಗಳ ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನು ಆನೋಡನ್ನು ಮುಟ್ಟುವ ವೇಳೆಗೆ ಸೆಕೆಂಡಿಗೆ ಸುಮಾರು 12,500 ಕಿಲೋಮೀಟರು ವೇಗವನ್ನು ಪಡೆದಿರುತ್ತದೆ. ಆನೋಡಿಗೆ ಬಡಿದೊಡನೆ ಆ ಚಲನಶಕ್ತಿಯೆಲ್ಲ ಶಾಖವಾಗುವುದು. ಲೆಕ್ಕ ಸುಲಭ: ಆನೋಡಿನ ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ಶಾಖವಾಗಿ ವ್ಯಯವಾಗುವ ವ್ಯಾಟುಗಳು ದೊರೆಯುತ್ತವೆ. 450 ವೋಲ್ಟು, 40 ಮಿಲಿಆಂಪಿಯರು ಎಂದರೆ 18 ವ್ಯಾಟು.

ನಿರ್ವಾತದಲ್ಲಿ ಗಾಳಿಯಿಲ್ಲವಾದ್ದರಿಂದ ಆನೋಡು ತನ್ನ ಶಾಖವನ್ನು ಮುಖ್ಯವಾಗಿ ವಿಕಿರಣದ ಮೂಲಕವೇ ಹೊರಹಾಕಬೇಕು. ಆದುದರಿಂದ ಪ್ರತಿಯೊಂದು ವಾಲ್ವಿಗೂ ತಯಾರಕರು ಒಂದು ಮಿತಿಯನ್ನು ವಿಧಿಸಿರುತ್ತಾರೆ. 6ಎಲ್6 ರ ಬಲಿಷ್ಠ ರೂಪವಾದ 6ಎಲ್6ಜಿಸಿಗೆ ಈ ಮಿತಿ 30 ವ್ಯಾಟು. ಇಎಲ್34 ಕ್ಕೆ 25 ವ್ಯಾಟು. 5881 ಕ್ಕೆ 23 ವ್ಯಾಟು. ಚಿಕ್ಕವಾದ 6ವಿ6 ಮತ್ತು ಇಎಲ್84 ಕ್ಕೆ 12 ವ್ಯಾಟು. ಮಿತಿಯನ್ನು ಬಹಳವಾಗಿ ಮೀರಿದಾಗ ಆನೋಡು ಕೆಂಪಗೆ ಹೊಳೆಯತೊಡಗುತ್ತದೆ. ಕಾದ ಲೋಹದಲ್ಲಿ ಅಡಗಿದ್ದ ಅನಿಲವು ಹೊರಬಂದು ನಿರ್ವಾತವನ್ನು ಕೆಡಿಸುವುದು. ಎಲೆಕ್ಟ್ರಾನುಗಳ ಹೊಡೆತಕ್ಕೆ ಸಿಕ್ಕ ಅನಿಲದ ಅಣುಗಳು ಧನ ಅಯಾನುಗಳಾಗಿ ಋಣ ಜಾಲರಿಯತ್ತ ಓಡುವುವು. ಇದರಿಂದ ಜಾಲರಿಯ ಋಣತ್ವ ಕಡಿಮೆಯಾಗುವುದು. ಪ್ರವಾಹ ಇನ್ನಷ್ಟು ಹೆಚ್ಚುವುದು. ಶಾಖ ಮತ್ತಷ್ಟು ಏರುವುದು. ಹೀಗೆ ಒಂದಕ್ಕೊಂದು ಇಂಬುಗೊಟ್ಟು ವಾಲ್ವು ತನ್ನನ್ನು ತಾನೇ ಸುಟ್ಟುಕೊಳ್ಳುವುದು. ಕಾಲಕ್ಕೆ ಸರಿಯಾಗಿ ಫ್ಯೂಸು ಹೋಗದಿದ್ದರೆ ಅದರೊಡನೆ ಟ್ರಾನ್ಸ್‌ಫಾರ್ಮರೂ ನಷ್ಟವಾಗಬಹುದು.

ಎಬಿ ವರ್ಗದಲ್ಲಿ ಸಂಕೇತ ಬಂದಾಗ ಆನೋಡಿನ ಶಾಖವು ವಿಶ್ರಾಂತಿ ಸ್ಥಿತಿಗಿಂತ ಹೆಚ್ಚುವುದರಿಂದ, ವಿಶ್ರಾಂತಿಯಲ್ಲಿಯೇ ಮಿತಿಯ ಅಂಚಿಗೆ ಒಯ್ಯಬಾರದು. ಮಿತಿಯ ನೂರಕ್ಕೆ 70 ರಷ್ಟನ್ನು ಮೀರಬಾರದೆಂಬುದು ಕುಶಲ ಕೆಲಸಗಾರರಲ್ಲಿ ರೂಢಿಗೆ ಬಂದ ಸೂತ್ರ. ಇದು ಪ್ರಕೃತಿ ನಿಯಮವಲ್ಲ, ಅನುಭವದಿಂದ ಬಂದ ಎಚ್ಚರಿಕೆಯ ಗಡಿ. ಈ ಸೂತ್ರವನ್ನು 450 ವೋಲ್ಟುಗಳ ವರ್ಧಕಕ್ಕೆ ಅನ್ವಯಿಸಿ ನೋಡೋಣ. 6ಎಲ್6ಜಿಸಿಗೆ 30 ರಲ್ಲಿ ನೂರಕ್ಕೆ 70 ಎಂದರೆ 21 ವ್ಯಾಟು. ಅದನ್ನು 450 ರಿಂದ ಭಾಗಿಸಿದರೆ ಸುಮಾರು 47 ಮಿಲಿಆಂಪಿಯರು. ಇಎಲ್34 ಕ್ಕೆ ಇದೇ ರೀತಿ 17.5 ವ್ಯಾಟು, ಸುಮಾರು 39 ಮಿಲಿಆಂಪಿಯರು. ಇವು ಮೇಲಿನ ಗಡಿಗಳು. ಇವಕ್ಕಿಂತ ಕೊಂಚ ಕಡಿಮೆ ಪ್ರವಾಹದಲ್ಲಿಯೇ ಸ್ವರ ಚೆನ್ನಾಗಿ ಕೇಳಿಸುವುದಾದರೆ ಅಲ್ಲಿಯೇ ನಿಲ್ಲಿಸುವುದು ಜಾಣತನ. ವಾಲ್ವಿನ ಆಯುಸ್ಸು ಹೆಚ್ಚುವುದು.

ಬಯಾಸ್ ಒದಗಿಸುವ ಎರಡು ಮಾರ್ಗಗಳು

ಮೊದಲನೆಯದು ಕ್ಯಾಥೋಡಿಗೂ ಭೂಮಿಗೂ ನಡುವೆ ಒಂದು ರೋಧಕವನ್ನು ಇಡುವುದು. ವಾಲ್ವಿನ ಪ್ರವಾಹವು ಅದರ ಮೂಲಕ ಹರಿಯುವಾಗ ಕ್ಯಾಥೋಡು ಭೂಮಿಗಿಂತ ಕೆಲವು ವೋಲ್ಟು ಮೇಲೇರುತ್ತದೆ. ಜಾಲರಿ ಭೂಮಿಯ ಮಟ್ಟದಲ್ಲಿಯೇ ಇರುವುದರಿಂದ ಕ್ಯಾಥೋಡಿನ ದೃಷ್ಟಿಯಲ್ಲಿ ಅದು ಋಣವಾಗುವುದು. ಉದಾಹರಣೆಗೆ 470 ಓಂ ರೋಧಕದ ಮೇಲೆ 19 ವೋಲ್ಟು ಕಂಡುಬಂದರೆ ಪ್ರವಾಹವು ಸುಮಾರು 40 ಮಿಲಿಆಂಪಿಯರು. ಆನೋಡಿಗೂ ಕ್ಯಾಥೋಡಿಗೂ ನಡುವೆ 290 ವೋಲ್ಟು ಇದ್ದರೆ ಶಾಖ 11.7 ವ್ಯಾಟು ಆಗುವುದು. ಒಂದೇ 6ವಿ6 ಇರುವ ಎ ವರ್ಗದ ಪುಟ್ಟ ವರ್ಧಕಕ್ಕೆ ಇದು ಮಿತಿಯೊಳಗೇ ಇದೆ. ಎ ವರ್ಗದಲ್ಲಿ ವಿಶ್ರಾಂತಿಯ ಸಮಯದಲ್ಲಿಯೇ ಶಾಖ ಅತ್ಯಧಿಕವಾಗಿದ್ದು, ಸಂಕೇತ ಬಂದಾಗ ಅದರ ಒಂದು ಪಾಲು ಸ್ಪೀಕರಿಗೆ ಹೋಗುವುದರಿಂದ ಅಲ್ಲಿ ನೂರಕ್ಕೆ 70 ರ ಸೂತ್ರ ಅನ್ವಯಿಸುವುದಿಲ್ಲ.

ಈ ಮಾರ್ಗದ ಗುಣವೆಂದರೆ ಅದು ತನ್ನನ್ನು ತಾನೇ ತಿದ್ದಿಕೊಳ್ಳುವುದು. ಪ್ರವಾಹ ಹೆಚ್ಚಿದರೆ ರೋಧಕದ ಮೇಲಿನ ವೋಲ್ಟೇಜು ಹೆಚ್ಚಿ, ಜಾಲರಿಯು ಇನ್ನಷ್ಟು ಋಣವಾಗಿ, ಪ್ರವಾಹವನ್ನು ಹಿಡಿದು ನಿಲ್ಲಿಸುತ್ತದೆ. ಆದುದರಿಂದ ಇಂತಹ ವರ್ಧಕಗಳಲ್ಲಿ ಅದೇ ಜಾತಿಯ ಹೊಸ ವಾಲ್ವನ್ನು ಸಿಕ್ಕಿಸಿದರೆ ಸಾಮಾನ್ಯವಾಗಿ ಅಷ್ಟೇ ಸಾಕು. ನಾಲ್ಕು ಇಎಲ್84 ವಾಲ್ವುಗಳುಳ್ಳ ಇಂಗ್ಲೆಂಡಿನ ವಾಕ್ಸ್ ಎಸಿ30 ಈ ಬಗೆಗೆ ಪ್ರಸಿದ್ಧ ಉದಾಹರಣೆ. ಆದರೆ ರೋಧಕದ ಮೇಲೆ ಬೀಳುವ ವೋಲ್ಟೇಜು ಆನೋಡಿನ ಪಾಲಿಗೆ ನಷ್ಟವಾದುದರಿಂದ ಸಾಮರ್ಥ್ಯ ಸ್ವಲ್ಪ ಕಡಿಮೆಯಾಗುವುದು.

ಎರಡನೆಯ ಮಾರ್ಗದಲ್ಲಿ ಕ್ಯಾಥೋಡನ್ನು ನೇರವಾಗಿ ಭೂಮಿಗೆ ಸೇರಿಸಿ, ಬೇರೆಯಾದ ಒಂದು ಚಿಕ್ಕ ಏರ್ಪಾಡಿನಿಂದ ಜಾಲರಿಗೆ ಋಣ ವೋಲ್ಟೇಜನ್ನು ಕೊಡುವರು. ಇದಕ್ಕೆ ಸ್ಥಿರ ಬಯಾಸ್ ಎಂದು ಹೆಸರು. ಹೆಚ್ಚು ಸಾಮರ್ಥ್ಯದ ವರ್ಧಕಗಳಲ್ಲಿ ಇದೇ ರೂಢಿ. ಇಲ್ಲಿ ತಿದ್ದುವವರು ಯಾರೂ ಇಲ್ಲ. ಹೊಸ ವಾಲ್ವು ಹೆಚ್ಚು ಪ್ರವಾಹ ಎಳೆದರೆ ಎಳೆಯುತ್ತಲೇ ಇರುವುದು; ಕೊಟ್ಟ ಋಣ ವೋಲ್ಟೇಜು ಕದಲದೆ ನೋಡುತ್ತಿರುವುದು. ನಮ್ಮ ಪ್ರಶ್ನೆಗೆ ಉತ್ತರದ ಎರಡನೆಯ ಅರ್ಧ ಇಲ್ಲಿದೆ. ವಾಲ್ವನ್ನು ಬದಲಿಸಿದಾಗ ಬಯಾಸನ್ನು ಅಳೆದು ಸರಿಪಡಿಸಬೇಕಾದುದು ಈ ಬಗೆಯ ವರ್ಧಕಗಳಲ್ಲಿಯೇ.

ಯಾವ ವಾಲ್ವನ್ನು ಆರಿಸಬೇಕು?

ಒಂದು ಜಾತಿಗೆ ಬದಲಾಗಿ ಇನ್ನೊಂದನ್ನು ಹಾಕಿದರೆ ಏನಾಗುವುದೆಂಬುದಕ್ಕೆ ಗಿಟಾರ್ ವರ್ಧಕಗಳ ಇತಿಹಾಸದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಅಮೆರಿಕದ ಫೆಂಡರ್ ಸಂಸ್ಥೆಯು 1950 ರ ದಶಕದ ಕೊನೆಯಲ್ಲಿ ಬಾಸ್‌ಮನ್ ಎಂಬ ವರ್ಧಕವನ್ನು ತಯಾರಿಸುತ್ತಿತ್ತು. ಅದರಲ್ಲಿ ಎರಡು 5881 ವಾಲ್ವುಗಳಿದ್ದುವು. 5881 ಎಂಬುದು 6ಎಲ್6 ರದೇ ಗಟ್ಟಿಮುಟ್ಟಾದ ರೂಪ. ಆನೋಡಿಗೆ 432 ವೋಲ್ಟು, ಜಾಲರಿಗೆ ಋಣ 48 ವೋಲ್ಟು ಎಂದು ಅದರ ನಕ್ಷೆಯಲ್ಲಿ ಬರೆದಿತ್ತು. ಬಯಾಸನ್ನು ಹೆಚ್ಚು ಕಡಿಮೆ ಮಾಡುವ ಏರ್ಪಾಡು ಅದರಲ್ಲಿರಲಿಲ್ಲ.

ಆ ವರ್ಧಕವು ಲಂಡನ್ನಿನಲ್ಲಿ ದುಬಾರಿಯಾಗಿದ್ದಿತು. ಅಲ್ಲಿ ಸಂಗೀತ ವಾದ್ಯಗಳ ಅಂಗಡಿಯನ್ನಿಟ್ಟಿದ್ದ ಜಿಮ್ ಮಾರ್ಷಲ್, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಸಹೋದ್ಯೋಗಿಗಳೊಡನೆ ಕೂಡಿ, 1962 ರಲ್ಲಿ ಬಾಸ್‌ಮನ್ನಿನ ಮಂಡಲವನ್ನೇ ಮಾದರಿಯಾಗಿಟ್ಟುಕೊಂಡು ಜೆಟಿಎಂ45 ಎಂಬ ವರ್ಧಕವನ್ನು ರಚಿಸಿದನು. ಮೊದಲು 5881, ಅನಂತರ ಇಂಗ್ಲೆಂಡಿನಲ್ಲಿಯೇ ಸಿಗುತ್ತಿದ್ದ ಕೆಟಿ66, ಕೊನೆಗೆ ಇಎಲ್34 ಹೀಗೆ ವಾಲ್ವುಗಳು ಬದಲಾಗುತ್ತ ಹೋದುವು. ಒಂದೇ ಬೇರಿನಿಂದ ಹೊರಟ ಎರಡು ವರ್ಧಕಗಳು ಕಾಲಕ್ರಮದಲ್ಲಿ ಎರಡು ಬೇರೆ ಬೇರೆ ದನಿಗಳಿಗೆ ಹೆಸರಾದುವು. ಇದರಲ್ಲಿ ಸ್ಪೀಕರು, ಟ್ರಾನ್ಸ್‌ಫಾರ್ಮರು ಮೊದಲಾದ ಇತರ ಅಂಗಗಳ ಪಾಲೂ ಇದ್ದಿತೆಂಬುದನ್ನು ಮರೆಯಬಾರದು. ಮೊದಲನೆಯ ಹಂತದಲ್ಲಿ ಬಾಸ್‌ಮನ್ನಿನಲ್ಲಿದ್ದ ಚಿಕ್ಕ ವಾಲ್ವಿನ ವರ್ಧನಾಂಕ 44 ಆಗಿದ್ದರೆ, ಮಾರ್ಷಲನು ಬಳಸಿದ ಇಸಿಸಿ83 ರ ವರ್ಧನಾಂಕ 100.

ಈಗ 6ಎಲ್6 ಇದ್ದ ಸ್ಥಳದಲ್ಲಿ ಇಎಲ್34 ಅನ್ನು ಹಾಕಬೇಕೆಂದು ಒಬ್ಬನು ಬಯಸಿದನೆಂದಿಟ್ಟುಕೊಳ್ಳಿ. ಎರಡಕ್ಕೂ ಎಂಟು ಕಾಲುಗಳ ಒಂದೇ ಬಗೆಯ ಬುಡ ಇರುವುದರಿಂದ ಅದು ಸಲೀಸಾಗಿ ಕೂರುವುದು. ಆದರೆ ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದಾಗಿ, 6ಎಲ್6ಜಿಸಿಯ ಕಾವುತಂತಿಗೆ 6.3 ವೋಲ್ಟಿನಲ್ಲಿ 0.9 ಆಂಪಿಯರು ಸಾಕು. ಇಎಲ್34 ಕ್ಕೆ 1.5 ಆಂಪಿಯರು ಬೇಕು. ಒಂದು ಜೋಡಿಗೆ 1.2 ಆಂಪಿಯರು ಹೆಚ್ಚು ಹೊರೆ ಬೀಳುವುದು. ಅದನ್ನು ಹೊರುವ ಬಲ ಟ್ರಾನ್ಸ್‌ಫಾರ್ಮರಿಗೆ ಇರಬೇಕು. ಎರಡನೆಯದಾಗಿ, ಇಎಲ್34 ರ ಮೂರನೆಯ ಜಾಲರಿಯು ಒಂದನೆಯ ಕಾಲಿಗೆ ಸೇರಿದೆ. 6ಎಲ್6ಜಿಸಿಯಲ್ಲಿ ಆ ಕಾಲಿಗೆ ಕೆಲಸವಿಲ್ಲ. ಆ ಕಾಲನ್ನು ಕ್ಯಾಥೋಡಿಗೆ ಜೋಡಿಸದಿದ್ದರೆ ವಾಲ್ವು ಸರಿಯಾಗಿ ದುಡಿಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅದೇ ಪ್ರವಾಹಕ್ಕೆ ಇಎಲ್34 ಗೆ ಬೇಕಾಗುವ ಋಣ ವೋಲ್ಟೇಜು 6ಎಲ್6 ಗಿಂತ ಕಡಿಮೆ. 6ಎಲ್6 ಗೆ ಹೊಂದಿಸಿದ ಬಯಾಸಿನಲ್ಲಿ ಇಎಲ್34 ಹೆಚ್ಚುಕಡಿಮೆ ಮುಚ್ಚಿಕೊಂಡು, ಸ್ವರ ಮುರುಕಾಗುವುದು. ಇಎಲ್34 ಗೆ ಹೊಂದಿಸಿದ ಬಯಾಸಿನಲ್ಲಿ 6ಎಲ್6 ಅನ್ನು ಹಾಕಿದರೆ ವಿಪರೀತ ಪ್ರವಾಹ ಹರಿದು ಆನೋಡು ಕೆಂಪಾಗುವುದು. ಮೊದಲನೆಯದರಲ್ಲಿ ಕಿವಿಗೆ ನಷ್ಟ, ಎರಡನೆಯದರಲ್ಲಿ ಕೈಚೀಲಕ್ಕೆ ನಷ್ಟ.

6ವಿ6 ಕೂಡ ಇದೇ ಬುಡದಲ್ಲಿ ಕೂರುವುದಾದರೂ ಅದು ತಡೆಯಬಲ್ಲ ವೋಲ್ಟೇಜೂ ಶಾಖವೂ ಕಡಿಮೆ. ಬುಡ ಹೊಂದಿತೆಂಬುದರಿಂದಲೇ ವಾಲ್ವು ಹೊಂದಿತೆಂದು ತಿಳಿಯಬಾರದು. ಜೋಡಿಯಾಗಿ ದುಡಿಯುವ ವಾಲ್ವುಗಳನ್ನು ಕೊಳ್ಳುವಾಗ, ಒಂದೇ ಬಯಾಸಿಗೆ ಹತ್ತಿರ ಹತ್ತಿರ ಒಂದೇ ಪ್ರವಾಹ ಕೊಡುವಂತೆ ಪರೀಕ್ಷಿಸಿ ಆರಿಸಿದ ಜೋಡಿಯನ್ನು ಕೇಳಬೇಕು. ಪ್ರವಾಹಗಳು ಬಹಳ ಅಸಮವಾಗಿದ್ದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣವು ಒಂದೇ ದಿಕ್ಕಿನಲ್ಲಿ ಕಾಂತತ್ವ ಪಡೆದು ಮಂದ್ರ ಸ್ವರಗಳು ಸೊರಗುವುವು. ಗುಂಯ್ ಎಂಬ ಶಬ್ದವೂ ಹೆಚ್ಚುವುದು.

ಅಳತೆಯ ಕ್ರಮ

ಅಳೆಯುವ ಮಾತನ್ನು ಎತ್ತುವ ಮೊದಲು ಒಂದು ಎಚ್ಚರಿಕೆ. ವರ್ಧಕದ ಒಳಗಿನ 450 ವೋಲ್ಟು ಪ್ರಾಣಾಂತಕವಾದುದು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕಂಡೆನ್ಸರುಗಳು ಆ ವಿದ್ಯುತ್ತನ್ನು ಪ್ಲಗ್ಗನ್ನು ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರುತ್ತವೆ. ಅವನ್ನು ತಕ್ಕ ರೋಧಕದ ಮೂಲಕ ಬರಿದುಮಾಡಿ, ಬರಿದಾದುದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳದೆ ಒಳಗೆ ಬೆರಳಿಡಕೂಡದು. ವಿದ್ಯಾರ್ಥಿಗಳು ಈ ಕೆಲಸವನ್ನು ಅನುಭವಸ್ಥ ಕೆಲಸಗಾರನ ಸಮ್ಮುಖದಲ್ಲಲ್ಲದೆ ಒಬ್ಬರೇ ಮಾಡತಕ್ಕದ್ದಲ್ಲ. ಅಳತೆ ನಡೆಯುವಾಗ ಒಂದು ಕೈಯನ್ನು ಜೇಬಿನಲ್ಲಿರಿಸಿಕೊಳ್ಳುವುದು ಅನುಭವಸ್ಥರ ಪದ್ಧತಿ. ವಿದ್ಯುತ್ತು ಒಂದು ಕೈಯಿಂದ ಇನ್ನೊಂದಕ್ಕೆ ಹೃದಯದ ಮಾರ್ಗವಾಗಿ ಹಾಯದಿರಲೆಂಬುದೇ ಅದರ ಉದ್ದೇಶ.

ಪ್ರವಾಹವನ್ನು ಅಳೆಯಲು ಕ್ಯಾಥೋಡಿಗೂ ಭೂಮಿಗೂ ನಡುವೆ ಒಂದು ಓಂ ರೋಧಕವನ್ನು ಇಡುವುದು ಅನುಕೂಲವಾದ ಉಪಾಯ. ಓಂನ ನಿಯಮದಂತೆ ಅದರ ಮೇಲೆ ಕಾಣುವ ಪ್ರತಿ ಮಿಲಿವೋಲ್ಟು ಒಂದು ಮಿಲಿಆಂಪಿಯರಿಗೆ ಸಮ. ಪರದೆ ಜಾಲರಿಯ ಕೆಲವು ಮಿಲಿಆಂಪಿಯರುಗಳೂ ಇದರಲ್ಲಿ ಸೇರಿರುವುದರಿಂದ ಅಳತೆಯು ಆನೋಡಿನ ಪ್ರವಾಹಕ್ಕಿಂತ ಸ್ವಲ್ಪ ಹೆಚ್ಚಾಗಿ ತೋರುವುದು. ಈ ತಪ್ಪು ಸುರಕ್ಷಿತ ಪಕ್ಷದ ತಪ್ಪಾದುದರಿಂದ ಚಿಂತೆಯಿಲ್ಲ.

ಕೆಲಸದ ಕ್ರಮ ಹೀಗೆ. ಸ್ಪೀಕರನ್ನು ತಪ್ಪದೆ ಜೋಡಿಸಿರಬೇಕು. ಸ್ಪೀಕರಿಲ್ಲದೆ ನುಡಿಸಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ವಿಪರೀತ ವೋಲ್ಟೇಜು ಹುಟ್ಟಿ ಅದರ ಹೊದಿಕೆ ಸೀಳಬಹುದು. ದನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಬಯಾಸನ್ನು ಅತ್ಯಂತ ಋಣವಾದ ಸ್ಥಾನದಲ್ಲಿಟ್ಟು ವರ್ಧಕವನ್ನು ಚಾಲೂ ಮಾಡಬೇಕು. ಹತ್ತು ಹದಿನೈದು ನಿಮಿಷ ಕಾಯಿಸಿದ ಮೇಲೆ ಆನೋಡಿನ ವೋಲ್ಟೇಜನ್ನೂ ಪ್ರವಾಹವನ್ನೂ ಓದಬೇಕು. 6ಎಲ್6ಜಿಸಿಯ ಆನೋಡಿನಲ್ಲಿ 460 ವೋಲ್ಟು, ಪ್ರವಾಹ 30 ಮಿಲಿಆಂಪಿಯರು ಕಂಡರೆ ಶಾಖವು 13.8 ವ್ಯಾಟು, ಇನ್ನೂ ಅವಕಾಶವಿದೆ. ಬಯಾಸಿನ ಋಣತ್ವವನ್ನು ಮೆಲ್ಲಗೆ ತಗ್ಗಿಸಿದಂತೆ ಪ್ರವಾಹ ಹೆಚ್ಚುವುದು, ಅದರೊಡನೆ ಆನೋಡಿನ ವೋಲ್ಟೇಜು ಸ್ವಲ್ಪ ಇಳಿಯುವುದು. ಆದುದರಿಂದ ಪ್ರತಿಯೊಂದು ತಿದ್ದುಪಡಿಯ ಅನಂತರ ಎರಡನ್ನೂ ಮತ್ತೆ ಓದಿ ಗುಣಿಸಿ ನೋಡಬೇಕು. ಕೊನೆಗೆ ದೀಪವನ್ನಾರಿಸಿ ಕತ್ತಲೆಯಲ್ಲಿ ಆನೋಡುಗಳನ್ನು ಪರೀಕ್ಷಿಸಬೇಕು. ನಡುವಿನ ಕಾವುತಂತಿಯ ಕಿತ್ತಳೆ ಬೆಳಕು ಸಹಜವಾದುದು. ಹೊರಗಿನ ಬೂದು ಬಣ್ಣದ ತಗಡಿನ ಮೇಲೆ ಕೆಂಪು ಕಲೆ ಕಂಡರೆ ಕೂಡಲೆ ವಿದ್ಯುತ್ತನ್ನು ನಿಲ್ಲಿಸಬೇಕು.

ಮನೆಗೆ ಬರುವ ವಿದ್ಯುತ್ತಿನ ವೋಲ್ಟೇಜನ್ನೂ ನೋಡಿಕೊಳ್ಳುವುದು ಒಳ್ಳೆಯದು. 220 ವೋಲ್ಟಿಗೆಂದು ಹೊಂದಿಸಿದ ವರ್ಧಕಕ್ಕೆ 240 ವೋಲ್ಟು ಬಂದರೆ ಒಳಗಿನ ವೋಲ್ಟೇಜುಗಳೆಲ್ಲ ನೂರಕ್ಕೆ 9 ರಷ್ಟು ಏರುವುವು. 450 ಇದ್ದುದು 490 ಆಗುವುದು.

ವಿರೂಪವೇ ಸ್ವರವಾದಾಗ

ರೇಡಿಯೋ ರಚಿಸುವವರು ವಿರೂಪವನ್ನು ಶತ್ರುವೆಂದೆಣಿಸಿ ಅದನ್ನು ಅಡಗಿಸಲು ಬಹುಕಾಲ ಶ್ರಮಿಸಿದರು. ಗಿಟಾರ್ ವಾದಕರು ಅದೇ ವಿರೂಪವನ್ನು ತಮ್ಮ ವಾದ್ಯದ ಒಂದು ಅಂಗವನ್ನಾಗಿ ಮಾಡಿಕೊಂಡರು. ಸಂಕೇತವು ಬಯಾಸನ್ನು ಮೀರುವಷ್ಟು ದೊಡ್ಡದಾದಾಗ ಜಾಲರಿ ಧನವಾಗಿ, ಅಲೆಯ ನೆತ್ತಿ ಚಪ್ಪಟೆಯಾಗುವುದು. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಕಂಪನಸಂಖ್ಯೆಯ ಮೇಲುಸ್ವರಗಳು ಸೇರಿಕೊಳ್ಳುವುವು. ಗಿಟಾರಿನ ಐದನೆಯ ತಂತಿಯ ಕಂಪನಸಂಖ್ಯೆ 110. ಅದನ್ನು ಷಡ್ಜವೆಂದು ಭಾವಿಸಿದರೆ 220 ಎಂಬುದು ಮೇಲಿನ ಸ್ಥಾಯಿಯ ಷಡ್ಜ. 330 ಎಂಬುದು ಆ ಸ್ಥಾಯಿಯ ಪಂಚಮ. ಆದುದರಿಂದಲೇ ಹದವಾದ ವಿರೂಪವು ಕಿವಿಗೆ ಅಪಸ್ವರವಾಗಿ ತೋರದೆ, ಸ್ವರಕ್ಕೆ ಮೈ ತುಂಬಿದಂತೆ ಕೇಳಿಸುವುದು. ಸರಿಸಮನಾದ ಜೋಡಿ ವಾಲ್ವುಗಳಲ್ಲಿ ಎರಡು, ನಾಲ್ಕು ಮೊದಲಾದ ಸಮಸಂಖ್ಯೆಯ ಮೇಲುಸ್ವರಗಳು ಪರಸ್ಪರ ಕಳೆದುಹೋಗಿ, ಮೂರು, ಐದು ಮೊದಲಾದ ವಿಷಮಸಂಖ್ಯೆಯವು ಉಳಿಯುತ್ತವೆ. ಒಂದೇ ವಾಲ್ವಿನ ವರ್ಧಕದಲ್ಲಿ ಎರಡು ಬಗೆಯವೂ ಇರುತ್ತವೆ. ಚಿಕ್ಕ ವರ್ಧಕದ ದನಿಯೂ ದೊಡ್ಡದರ ದನಿಯೂ ಬೇರೆಯಾಗಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಬೇಕೆಂದು ಪಡೆದ ವಿರೂಪ ಬೇರೆ, ಬಯಾಸಿನ ಕೊರತೆಯಿಂದ ಬಿದ್ದ ಮುರುಕು ಬೇರೆ. ಮೊದಲನೆಯದು ಜೋರಾಗಿ ಮೀಟಿದಾಗ ಬಂದು ಮೆಲ್ಲಗೆ ಮೀಟಿದಾಗ ಅಡಗುವುದು. ವಾದಕನ ಬೆರಳಿಗೆ ಅದು ಅಧೀನ. ಎರಡನೆಯದು ಮೆಲುದನಿಯಲ್ಲಿಯೇ ಎದ್ದು ಕಾಣುವುದು. ಅದಕ್ಕೆ ಯಾರ ಅಂಕೆಯೂ ಇಲ್ಲ.

ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ 1960 ರ ದಶಕದಲ್ಲಿ ರೇಡಿಯೋ ವಾಲ್ವುಗಳು ತಯಾರಾಗುತ್ತಿದ್ದುವು. ಇಂದು ಗಿಟಾರ್ ವರ್ಧಕಗಳಿಗೆ ಬೇಕಾದ ವಾಲ್ವುಗಳು ಬಹುಮಟ್ಟಿಗೆ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾ ದೇಶಗಳಿಂದ ಬರುತ್ತವೆ. ತಯಾರಿಸುವ ಕಾರ್ಖಾನೆಗಳು ಬೆರಳೆಣಿಕೆಯಷ್ಟಾಗಿರುವುದರಿಂದ ಒಂದೊಂದು ಜೋಡಿಯನ್ನೂ ಜೋಪಾನವಾಗಿ ಬಳಸಬೇಕಾಗಿದೆ. ನಕ್ಷೆಯಲ್ಲಿ ಬರೆದಿರುವ ಋಣ 48 ವೋಲ್ಟು ಒಂದು ಕಾಲದ, ಒಂದು ಜೋಡಿ ವಾಲ್ವಿನ ಸರಾಸರಿ ಲೆಕ್ಕ. ಕೈಯಲ್ಲಿರುವ ವಾಲ್ವು ಎಷ್ಟು ಪ್ರವಾಹ ಎಳೆಯುತ್ತಿದೆ, ಅದು ಎಷ್ಟು ವ್ಯಾಟು ಶಾಖವಾಗುತ್ತಿದೆ ಎಂಬ ಎರಡು ಪ್ರಶ್ನೆಗಳಿಗೆ ಮೀಟರಿನಿಂದ ಉತ್ತರ ಪಡೆದವನು ವಾಲ್ವನ್ನೂ ಉಳಿಸಿಕೊಳ್ಳುವನು, ಸ್ವರವನ್ನೂ ಉಳಿಸಿಕೊಳ್ಳುವನು. ಇದಕ್ಕೆ ಬೇಕಾದ ಗಣಿತವು ಹೈಸ್ಕೂಲಿನ ಓಂನ ನಿಯಮ ಮತ್ತು ಒಂದು ಗುಣಾಕಾರಕ್ಕಿಂತ ಹೆಚ್ಚಿನದೇನೂ ಅಲ್ಲ.